ಕೀಲಿ ಊರಿಗೆಲ್ಲ, ಕೀಲಿಕೈ ಒಬ್ಬರಿಗೆ: ಇ-ಮೇಲ್ ಗೂಢಲಿಪಿಯನ್ನು ಒಂಬತ್ತನೇ ತರಗತಿಗೆ ಕಲಿಸಿದ ಬಗೆ

ಪಬ್ಲಿಕ್ ಕೀ, ಪ್ರೈವೇಟ್ ಕೀ ಎಂಬ ಪದಗಳನ್ನು ಕನ್ನಡಕ್ಕೆ ತರುವಾಗ ಸಾಮಾನ್ಯವಾಗಿ ‘ಸಾರ್ವಜನಿಕ ಕೀಲಿ’, ‘ಖಾಸಗಿ ಕೀಲಿ’ ಎಂದು ಬರೆಯುತ್ತೇವೆ. ಮೈಸೂರು ಕಡೆಯವರಿಗೆ ಇದರಲ್ಲಿ ತೊಡಕು ಕಾಣಲಿಕ್ಕಿಲ್ಲ. ಹಗರಿಬೊಮ್ಮನಹಳ್ಳಿಯ ತರಗತಿಯಲ್ಲಿ ಈ ಪದ ಬೇರೆ ವಸ್ತುವನ್ನೇ ತೋರಿಸುತ್ತದೆ. ಇಲ್ಲಿ ‘ಕೀಲಿ’ ಎಂದರೆ ಬೀಗ; ಬೀಗ ತೆಗೆಯುವುದು ‘ಕೀಲಿಕೈ’. ಮನೆಗೆ ಕೀಲಿ ಹಾಕಿ ಕೀಲಿಕೈ ಪಕ್ಕದ ಮನೆಯಲ್ಲಿ ಕೊಟ್ಟು ಹೊಲಕ್ಕೆ ಹೋಗುವ ಊರಿದು. ಬೋಧನಾಭ್ಯಾಸದ ಅವಧಿಯಲ್ಲಿ ಇಲ್ಲಿಯ ಒಂದು ಸರ್ಕಾರಿ ಪ್ರೌಢಶಾಲೆಯ ಒಂಬತ್ತನೇ ತರಗತಿಗೆ ಈ ವಿಷಯವನ್ನು ಎರಡು ಅವಧಿಗಳಲ್ಲಿ ತೆಗೆದುಕೊಂಡಾಗ, ನಾನು ಪಾಠವನ್ನು ಕಟ್ಟಿದ್ದು ಈ ಎರಡು ಪದಗಳ ಮೇಲೆಯೇ. ಊರಿನ ಮಾತು ಪಠ್ಯದ ಮಾತಿಗಿಂತ ಇಲ್ಲಿ ಹೆಚ್ಚು ಕರಾರುವಾಕ್ಕಾಗಿದೆ ಎಂಬುದು ನನ್ನ ಅಭಿಪ್ರಾಯ. ಏಕೆಂದರೆ ಸಂದೇಶ ಕಳಿಸುವಾಗ ಪಬ್ಲಿಕ್ ಕೀ ಮಾಡುವ ಕೆಲಸ ಮುಚ್ಚುವುದು, ಅಂದರೆ ಬೀಗದ ಕೆಲಸ. ಅದನ್ನು ‘ಕೀ’ ಎಂದು ಕರೆದದ್ದರಿಂದಲೇ ಮಕ್ಕಳಿಗೂ ದೊಡ್ಡವರಿಗೂ ಗೊಂದಲವಾಗುತ್ತದೆ.

ಪಾಠಯೋಜನೆಯಲ್ಲಿ ಬರೆದುಕೊಂಡ ಕಲಿಕಾ ಫಲಗಳು ಮೂರು. ಯಾರ ಕೀಲಿಯನ್ನು ಯಾರು ಬಳಸಬೇಕು ಎಂದು ಮಗು ಹೇಳಬೇಕು. ಸಣ್ಣ ಸಂಖ್ಯೆಗಳಿಂದ ಒಂದು ಪದವನ್ನು ಗೂಢಲಿಪಿಗೆ ಬದಲಿಸಿ ಮತ್ತೆ ಬಿಡಿಸಬೇಕು. ತನ್ನ ಕೈಗೆ ಬಂದ ಕೀಲಿ ನಿಜವಾಗಿ ಅವರದೇ ಎಂದು ತಿಳಿಯುವುದು ಹೇಗೆಂದು ಕೇಳಬೇಕು. ಮೂರನೆಯದು ಉಳಿದೆರಡಕ್ಕಿಂತ ಕಷ್ಟ, ಮುಖ್ಯವೂ ಹೌದು. ಕಂಪ್ಯೂಟರ್ ಬಳಸಲಿಲ್ಲ. ಎರಡು ಬಗೆಯ ಕೀಲಿ, ಮುಚ್ಚಳವಿರುವ ಒಂದು ತಗಡಿನ ಡಬ್ಬಿ, ಚೀಟಿಗಳು ಮತ್ತು ಕಪ್ಪುಹಲಗೆ ಇಷ್ಟೇ ಸಾಮಗ್ರಿ.

ಬುತ್ತಿ ಡಬ್ಬಿಯ ಚಟುವಟಿಕೆ

ಹೊಸಪೇಟೆಯಲ್ಲಿ ಹಾಸ್ಟೆಲಿನಲ್ಲಿರುವ ಅಣ್ಣನಿಗೆ ಊರಿಂದ ಬಸ್ಸಿನಲ್ಲಿ ಬುತ್ತಿ ಕಳಿಸುವುದು ಮಕ್ಕಳಿಗೆ ಗೊತ್ತಿರುವ ಸಂಗತಿ. ಡಬ್ಬಿಯನ್ನು ಕಂಡಕ್ಟರ್ ಕೈಗೆ ಕೊಟ್ಟ ಮೇಲೆ ದಾರಿಯಲ್ಲಿ ಯಾರು ಬೇಕಾದರೂ ಮುಚ್ಚಳ ತೆಗೆಯಬಹುದು. ಬುತ್ತಿಯ ಜೊತೆ ಒಂದು ಗುಟ್ಟಿನ ಚೀಟಿಯೂ ಇದೆ ಎಂದುಕೊಳ್ಳೋಣ. ಏನು ಮಾಡಬೇಕು? ಕೀಲಿ ಹಾಕಬೇಕು ಎಂದು ಇಡೀ ತರಗತಿ ಹೇಳಿತು. ಕೀಲಿಕೈ ಅಣ್ಣನಿಗೆ ತಲುಪುವುದು ಹೇಗೆ? ಅದನ್ನೂ ಅದೇ ಬಸ್ಸಿನಲ್ಲಿ ಕಳಿಸಿದರೆ ಕೀಲಿ ಹಾಕಿದ್ದಕ್ಕೆ ಅರ್ಥವಿಲ್ಲ. ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ರಾಜರನ್ನೂ ಸೇನಾಧಿಪತಿಗಳನ್ನೂ ಕಾಡಿದ ಸಮಸ್ಯೆ ಇದೇ. ಮುಚ್ಚುವುದಕ್ಕೂ ತೆರೆಯುವುದಕ್ಕೂ ಒಂದೇ ಗುಟ್ಟು ಬೇಕಾದಾಗ, ಆ ಗುಟ್ಟನ್ನು ಮೊದಲೇ ಇಬ್ಬರೂ ಹಂಚಿಕೊಂಡಿರಬೇಕು. ಮಕ್ಕಳು ಅಕ್ಷರ ಅಕ್ಷರಕ್ಕೂ ‘ಪ’ ಸೇರಿಸಿ ಮಾತಾಡುವ ಆಟವೂ ಇದೇ ಜಾತಿಯದು: ಆಡಲು ಗೊತ್ತಿದ್ದವರಿಗೆಲ್ಲ ಬಿಡಿಸಲೂ ಗೊತ್ತು.

ಈಗ ಎರಡು ಕೀಲಿಗಳನ್ನು ಮೇಜಿನ ಮೇಲಿಟ್ಟೆ. ಒಂದು ಹಳೆಯ ಕಾಲದ್ದು. ಅದನ್ನು ಹಾಕಬೇಕಾದರೂ ಕೀಲಿಕೈ ತಿರುಗಿಸಬೇಕು. ಇನ್ನೊಂದು ಒತ್ತಿದರೆ ತಾನೇ ಬೀಳುವಂಥದ್ದು. ಈ ಎರಡೂ ಇಲ್ಲದೆ ಈ ಪಾಠಕ್ಕೆ ಹೋಗಬಾರದು ಎಂದು ಸಹ ಪ್ರಶಿಕ್ಷಣಾರ್ಥಿಗಳಿಗೆ ಹೇಳುತ್ತೇನೆ. ವ್ಯತ್ಯಾಸವನ್ನು ಮಕ್ಕಳು ಬೆರಳಿನಲ್ಲೇ ತಿಳಿಯುತ್ತಾರೆ. ಮೊದಲನೆಯದು ಒಂದೇ ಗುಟ್ಟಿನ ಗೂಢಲಿಪಿ. ಎರಡನೆಯದರಲ್ಲಿ ಮುಚ್ಚಲು ಯಾವ ಗುಟ್ಟೂ ಬೇಡ. ಆದ್ದರಿಂದ ಅಣ್ಣನೇ ಹೊಸಪೇಟೆಯಿಂದ ತೆರೆದ ಕೀಲಿಯೊಂದನ್ನು ಊರಿಗೆ ಕಳಿಸುತ್ತಾನೆ. ಕೀಲಿಕೈ ಅವನ ಜೇಬಿನಲ್ಲೇ ಇರುತ್ತದೆ. ಊರಿನವರು ಚೀಟಿಯನ್ನು ಡಬ್ಬಿಯಲ್ಲಿಟ್ಟು ಆ ಕೀಲಿ ಒತ್ತಿದರೆ ಮುಗಿಯಿತು. ಒತ್ತಿದವರಿಗೂ ಅದನ್ನು ಮತ್ತೆ ತೆರೆಯಲು ಬರುವುದಿಲ್ಲ.

“ಹಂಗಾದ್ರ ಅಣ್ಣ ಇಂಥಾ ಕೀಲಿ ಊರಿಗೆಲ್ಲಾ ಹಂಚಿದ್ರೂ ನಡೀತೈತಲ್ರಿ ಮೇಡಂ, ಕೀಲಿಕೈ ಅವನತ್ರನ ಐತಿ” ಎಂದು ಹಿಂದಿನ ಬೆಂಚಿನ ಹುಡುಗನೊಬ್ಬ ಹೇಳಿದ. ಇದಕ್ಕಿಂತ ಒಳ್ಳೆಯ ವ್ಯಾಖ್ಯೆ ನನಗೆ ಗೊತ್ತಿಲ್ಲ. ಅವನ ಮಾತನ್ನೇ ಹಲಗೆಯ ಮೇಲೆ ಬರೆದು, ಕೆಳಗೆ ‘ಕೀಲಿ = ಪಬ್ಲಿಕ್ ಕೀ, ಕೀಲಿಕೈ = ಪ್ರೈವೇಟ್ ಕೀ’ ಎಂದು ಸೇರಿಸಿದೆ.

ಈ ಉಪಾಯವನ್ನು ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ 1976ರಲ್ಲಿ ಪ್ರಕಟಿಸಿದರು. ಅದನ್ನು ಗಣಿತದಲ್ಲಿ ನಡೆಸಿ ತೋರಿಸಿದವರು 1977ರಲ್ಲಿ ಅಮೆರಿಕದ ಎಂಐಟಿಯ ರಿವೆಸ್ಟ್, ಶಮೀರ್, ಏಡಲ್‌ಮನ್. ಮೂವರ ಹೆಸರಿನ ಮೊದಲಕ್ಷರಗಳಿಂದ ಆರ್‌ಎಸ್‌ಎ ಎಂಬ ಹೆಸರು ಬಂತು. ಬ್ರಿಟನ್ನಿನ ಗುಪ್ತಚರ ಸಂಸ್ಥೆಯಲ್ಲಿದ್ದ ಕ್ಲಿಫರ್ಡ್ ಕಾಕ್ಸ್ 1973ರಲ್ಲೇ ಇದೇ ಲೆಕ್ಕವನ್ನು ಕಂಡುಕೊಂಡಿದ್ದರು, ಆದರೆ ಅದು ಹೊರಗೆ ಬಂದದ್ದು 1997ರಲ್ಲಿ. ಗುಟ್ಟಿನ ವಿದ್ಯೆಯನ್ನೇ ಗುಟ್ಟಾಗಿಟ್ಟರು ಎಂದಾಗ ಮಕ್ಕಳಿಗೆ ನಗು.

ಹಲಗೆಯ ಮೇಲಿನ ಲೆಕ್ಕ

ಲೋಹದ ಕೀಲಿ ಅಲ್ಲಿಗೆ ಸಾಕು. ಅದನ್ನು ಮೇಜಿನಿಂದ ತೆಗೆದಿಟ್ಟು ಸಂಖ್ಯೆಗೆ ಬರಬೇಕು. ಇಲ್ಲದಿದ್ದರೆ ಇ-ಮೇಲ್‌ನೊಳಗೆ ಎಲ್ಲೋ ಕಬ್ಬಿಣ ಇದೆ ಎಂಬ ಭಾವನೆ ಉಳಿಯುತ್ತದೆ. ಬೇಕಾದ ಪೂರ್ವಜ್ಞಾನ ಅವಿಭಾಜ್ಯ ಸಂಖ್ಯೆ, ಘಾತ ಮತ್ತು ಭಾಗಾಕಾರದ ಶೇಷ ಮಾತ್ರ.

ಎರಡು ಅವಿಭಾಜ್ಯ ಸಂಖ್ಯೆಗಳು: 3 ಮತ್ತು 11. ಗುಣಲಬ್ಧ 33. ಎರಡರಿಂದಲೂ ಒಂದೊಂದು ಕಳೆದು ಗುಣಿಸಿದರೆ 2 × 10 = 20. ಈಗ ಗುಣಲಬ್ಧವನ್ನು 20ರಿಂದ ಭಾಗಿಸಿದಾಗ ಶೇಷ 1 ಬರುವಂಥ ಎರಡು ಸಂಖ್ಯೆ ಬೇಕು. 3 × 7 = 21; ಸರಿಹೊಂದಿತು. ಊರಿಗೆಲ್ಲ ಹಂಚುವ ಕೀಲಿ (3, 33). ಜೇಬಿನಲ್ಲಿಡುವ ಕೀಲಿಕೈ 7. ಮುಚ್ಚುವುದೆಂದರೆ ಸಂಖ್ಯೆಯ ಘನ ಮಾಡಿ 33ರಿಂದ ಭಾಗಿಸಿ ಶೇಷ ಬರೆಯುವುದು. ತೆರೆಯುವುದೆಂದರೆ ಬಂದ ಸಂಖ್ಯೆಯ 7ನೇ ಘಾತ ಮಾಡಿ 33ರಿಂದ ಭಾಗಿಸಿ ಶೇಷ ತೆಗೆಯುವುದು.

ಅಕ್ಷರಗಳಿಗೆ ಎ, ಬಿ, ಸಿ ಬೇಡ. ವರ್ಗೀಯ ವ್ಯಂಜನಗಳು ಇಪ್ಪತ್ತೈದು: ಕ = 1, ಖ = 2, ಹೀಗೆ ಮ = 25. ‘ಜನ’ ಎಂಬ ಪದ ತೆಗೆದುಕೊಂಡೆವು. ಜ = 8, ನ = 20. 8ರ ಘನ 512, ಶೇಷ 17. 20ರ ಘನ 8000, ಶೇಷ 14. ಬಸ್ಸಿನಲ್ಲಿ ಹೋಗುವುದು 17, 14.

ಬಿಡಿಸುವಾಗ 17ರ 7ನೇ ಘಾತ ಎಂದ ಕೂಡಲೇ ಮಕ್ಕಳು ಪೆನ್ನು ಕೆಳಗಿಡುತ್ತಾರೆ. ಪೂರ್ತಿ ಗುಣಿಸಬೇಕಿಲ್ಲ, ಹೆಜ್ಜೆ ಹೆಜ್ಜೆಗೂ ಶೇಷ ತೆಗೆಯುತ್ತ ಹೋದರೆ ಸಾಕು ಎಂದು ತೋರಿಸಬೇಕು. 17 × 17 = 289, ಶೇಷ 25; ಇದು 2ನೇ ಘಾತ. 25 × 25 = 625, ಶೇಷ 31; 4ನೇ ಘಾತ. 31 × 25 = 775, ಶೇಷ 16; 6ನೇ ಘಾತ. 16 × 17 = 272, ಶೇಷ 8. ಎಂಟು ಎಂದರೆ ಜ. ಹಲಗೆಯ ಮೇಲೆ 8 ಬಂದಾಗ ತರಗತಿಯಲ್ಲಿ ಎದ್ದ ಸದ್ದನ್ನು ವೀಕ್ಷಣೆಗೆ ಬಂದಿದ್ದ ಮಾರ್ಗದರ್ಶಕರು ಟಿಪ್ಪಣಿಯಲ್ಲಿ ‘ಗದ್ದಲ’ ಎಂದು ಬರೆದಿದ್ದಾರೆ. 14ನ್ನು ಮಕ್ಕಳೇ ಬಿಡಿಸಿ 20 ತಂದರು.

ಈ ಲೆಕ್ಕ ಕಲಿಸುವವರು ಪದವನ್ನು ಆರಿಸುವಾಗ ಎಚ್ಚರ ವಹಿಸಬೇಕು. ಮನೆಯಲ್ಲಿ ಪಟ್ಟಿ ಮಾಡಿ ನೋಡಿದಾಗ, ಇಪ್ಪತ್ತೈದರಲ್ಲಿ ಏಳು ಅಕ್ಷರಗಳು ಮುಚ್ಚಿದ ಮೇಲೂ ತಾವೇ ಆಗಿ ಉಳಿಯುತ್ತವೆ ಎಂದು ಗೊತ್ತಾಯಿತು: ಕ, ಞ, ಟ, ಠ, ಪ, ಫ, ಬ. ಉದಾಹರಣೆಗೆ ಪ = 21; 21ರ ಘನ 9261, ಶೇಷ ಮತ್ತೆ 21. ಹೀಗಾಗಿ ‘ಕಪಟ’ ಎಂಬ ಪದವನ್ನು ಈ ಕೀಲಿಯಲ್ಲಿ ಮುಚ್ಚಿದರೆ 1, 21, 11, ಅಂದರೆ ‘ಕಪಟ’ವೇ ಬರುತ್ತದೆ. ಬಹಳ ಸಣ್ಣ ಸಂಖ್ಯೆಗಳನ್ನು ಆರಿಸಿದ್ದರ ಫಲ ಇದು. ದೊಡ್ಡ ಸಂಖ್ಯೆಗಳಲ್ಲಿ ಇಂಥವು ಇದ್ದರೂ ಎದುರಾಗುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ. ಇದನ್ನು ಎರಡನೇ ಅವಧಿಗೆ ಬೇಕೆಂದೇ ಉಳಿಸಿಕೊಂಡು ಮಕ್ಕಳಿಂದಲೇ ಹುಡುಕಿಸಿದೆ.

ಇನ್ನೊಂದು ಪ್ರಶ್ನೆ ಮಕ್ಕಳಿಂದಲೇ ಬಂತು. “ಮೇಡಂ, ಇಪ್ಪತ್ತೈದು ಅಕ್ಷರಕ್ಕೂ ಘನ ಮಾಡಿ ಪಟ್ಟಿ ಇಟ್ಕೊಂಡ್ರ ಕೀಲಿಕೈ ಯಾಕ ಬೇಕ್ರಿ? ಪಟ್ಟಿ ನೋಡಿ ಓದಬಹುದಲ್ರಿ?” ಕೇಳಿದ ಹುಡುಗಿ ಗಣಿತದಲ್ಲಿ ಮುಂದಿರುವವಳೇನೂ ಅಲ್ಲ. ಅವಳು ಹೇಳಿದ್ದು ಪೂರ್ತಿ ಸರಿ. ಕೀಲಿ ಎಲ್ಲರ ಕೈಯಲ್ಲಿದ್ದಮೇಲೆ ಯಾರು ಬೇಕಾದರೂ ಹಾಗೆ ಪಟ್ಟಿ ಮಾಡಬಹುದು. ಆದ್ದರಿಂದಲೇ ನಿಜವಾದ ಇ-ಮೇಲ್‌ನಲ್ಲಿ ಅಕ್ಷರ ಅಕ್ಷರಕ್ಕೆ ಈ ಲೆಕ್ಕ ಮಾಡುವುದಿಲ್ಲ. ಕಂಪ್ಯೂಟರು ಪ್ರತಿ ಪತ್ರಕ್ಕೂ ಒಂದು ಹೊಸ, ಉದ್ದನೆಯ, ಗೊತ್ತುಗುರಿಯಿಲ್ಲದ ಸಂಖ್ಯೆಯನ್ನು ಹುಟ್ಟಿಸುತ್ತದೆ. ಪತ್ರದ ಮೈಯನ್ನು ಆ ಸಂಖ್ಯೆಯಿಂದ ಹಳೆಯ ರೀತಿಯಲ್ಲಿ, ಒಂದೇ ಗುಟ್ಟಿನ ವಿಧಾನದಲ್ಲಿ ಮುಚ್ಚುತ್ತದೆ. ಆಮೇಲೆ ಆ ಸಂಖ್ಯೆಯೊಂದನ್ನು ಮಾತ್ರ, ಅದಕ್ಕೆ ಇನ್ನಷ್ಟು ಮನಬಂದ ಅಂಕಿಗಳನ್ನು ಬೆರೆಸಿ, ಪಡೆಯುವವರ ಪಬ್ಲಿಕ್ ಕೀಯಿಂದ ಮುಚ್ಚಿ ಪತ್ರದ ಜೊತೆ ಕಳಿಸುತ್ತದೆ. ಹಾಗಾಗಿ ಪಟ್ಟಿ ಮಾಡಲು ಬರುವುದಿಲ್ಲ. ದೊಡ್ಡ ಪತ್ರವೂ ಬೇಗ ಮುಚ್ಚುತ್ತದೆ. ಫಿಲ್ ಝಿಮ್ಮರ್‌ಮನ್ 1991ರಲ್ಲಿ ಬಿಡುಗಡೆ ಮಾಡಿದ ಪಿಜಿಪಿ ತಂತ್ರಾಂಶ ನಡೆಯುವುದು ಹೀಗೆ.

33ನ್ನು ನೋಡಿದ ಕೂಡಲೇ 3 × 11 ಎಂದು ಹೇಳಬಹುದು. ಆಮೇಲೆ 20, ಆಮೇಲೆ 7. ಕೀಲಿಕೈ ಕಳ್ಳನ ಕೈಗೆ ಬಂತು. ಭದ್ರತೆ ಎಲ್ಲಿದೆ ಎಂದು ತೋರಿಸಲು ತರಗತಿಯನ್ನು ಎರಡು ಗುಂಪು ಮಾಡಿದೆ. ಒಂದು ಗುಂಪು 89 × 97 ಗುಣಿಸಬೇಕು. ಇನ್ನೊಂದು 8633ನ್ನು ಅಪವರ್ತಿಸಬೇಕು. ಮೊದಲ ಗುಂಪು ಒಂದು ನಿಮಿಷದೊಳಗೆ ಮುಗಿಸಿತು. ಎರಡನೆಯದು ಗಂಟೆ ಬಾರಿಸುವವರೆಗೂ 7, 13, 17 ಎಂದು ಭಾಗಿಸುತ್ತಲೇ ಇತ್ತು. ಎರಡೂ ಒಂದೇ ಲೆಕ್ಕದ ಎರಡು ದಿಕ್ಕುಗಳು ಎಂದು ಹೇಳಿದಾಗ ಎರಡನೇ ಗುಂಪಿನವರಿಗೆ ಸಿಟ್ಟೇ ಬಂತು. 1977ರಲ್ಲಿ ಸವಾಲಾಗಿ ಕೊಟ್ಟ 129 ಅಂಕಿಗಳ ಸಂಖ್ಯೆಯನ್ನು ಅಪವರ್ತಿಸಲು 1994ರವರೆಗೆ ಕಾಯಬೇಕಾಯಿತು. ಅದಕ್ಕೂ ಸುಮಾರು 600 ಸ್ವಯಂಸೇವಕರ ಕಂಪ್ಯೂಟರುಗಳು ಬೇಕಾದವು. 2020ರಲ್ಲಿ 250 ಅಂಕಿಗಳ ಸಂಖ್ಯೆ ಬಿದ್ದಿತು. ಈಗ ಸಾಮಾನ್ಯವಾಗಿ ಬಳಸುವ 2048 ಬಿಟ್‌ಗಳ ಕೀಲಿಯಲ್ಲಿ 617 ಅಂಕಿಗಳಿರುತ್ತವೆ. ಅಷ್ಟು ದೊಡ್ಡ ಸಂಖ್ಯೆಯ ಅಪವರ್ತನ ಹುಡುಕುವುದು ಕಷ್ಟವಾದರೂ, ಒಂದು ದೊಡ್ಡ ಸಂಖ್ಯೆ ಅವಿಭಾಜ್ಯವೇ ಅಲ್ಲವೇ ಎಂದು ಪರೀಕ್ಷಿಸುವುದು ಕಷ್ಟವಲ್ಲ. ಇದನ್ನು 2002ರಲ್ಲಿ ನಿಸ್ಸಂದೇಹವಾಗಿ ಸಾಧಿಸಿದವರು ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್ ಮತ್ತು ಅವರ ವಿದ್ಯಾರ್ಥಿಗಳಾದ ನೀರಜ್ ಕಯಾಲ್, ನಿತಿನ್ ಸಕ್ಸೇನಾ. ಆ ಇಬ್ಬರು ಆಗ ತಾನೇ ಬಿ.ಟೆಕ್. ಮುಗಿಸಿದ್ದರು ಎಂಬುದನ್ನು ತರಗತಿಯಲ್ಲಿ ಹೇಳದೆ ಬಿಡಬೇಡಿ.

ಕೀಲಿ ಅದಲುಬದಲಾದರೆ

ಎರಡನೇ ಅವಧಿಯಲ್ಲಿ ಡಬ್ಬಿಯನ್ನು ಮತ್ತೆ ಹೊರತೆಗೆದೆ. ಮೊದಲೇ ಒಬ್ಬ ಹುಡುಗನಿಗೆ ಕಂಡಕ್ಟರ್ ಪಾತ್ರ ಕೊಟ್ಟು ಕಿವಿಯಲ್ಲಿ ಹೇಳಿದ್ದೆ: ಅಣ್ಣ ಕಳಿಸಿದ ಕೀಲಿಯನ್ನು ತಾನಿಟ್ಟುಕೊಂಡು, ಅದೇ ತರಹದ ತನ್ನ ಕೀಲಿಯನ್ನು ಅಣ್ಣನ ಹೆಸರಿನ ಚೀಟಿ ಕಟ್ಟಿ ಊರಿಗೆ ಕೊಡಬೇಕು. ಊರಿನವರು ನಂಬಿ ಅದನ್ನೇ ಒತ್ತಿದರು. ಕಂಡಕ್ಟರ್ ದಾರಿಯಲ್ಲಿ ತನ್ನ ಕೀಲಿಕೈಯಿಂದ ತೆರೆದು, ಚೀಟಿ ಓದಿ, ಅಣ್ಣನ ಕೀಲಿ ಹಾಕಿ ಮುಂದಕ್ಕೆ ಕೊಟ್ಟ. ಅಣ್ಣನಿಗೆ ಡಬ್ಬಿ ಭದ್ರವಾಗಿಯೇ ತಲುಪಿತು. ಇಬ್ಬರಿಗೂ ಏನೂ ತಿಳಿಯಲಿಲ್ಲ. ಆಮೇಲೆ ಕಂಡಕ್ಟರ್ ಎದ್ದು ಚೀಟಿಯಲ್ಲಿದ್ದದ್ದನ್ನು ಗಟ್ಟಿಯಾಗಿ ಹೇಳಿದಾಗ ತರಗತಿ ಒಂದು ಕ್ಷಣ ಸುಮ್ಮನಾಯಿತು.

ಗಣಿತ ಎಲ್ಲೂ ತಪ್ಪಿಲ್ಲ. ಮೋಸ ನಡೆದದ್ದು ಹೆಸರಿನ ಚೀಟಿಯಲ್ಲಿ. ಈ ಕೀಲಿ ಇವರದೇ ಎಂದು ಹೇಳುವವರು ಯಾರು? ಮಕ್ಕಳೇ ಎರಡು ಉತ್ತರ ಕೊಟ್ಟರು. ಅಣ್ಣನಿಗೆ ಫೋನ್ ಮಾಡಿ ಕೀಲಿಯ ಮೇಲಿನ ನಂಬರ್ ಕೇಳಬೇಕು ಎಂದಳು ಒಬ್ಬಳು. ಪಿಜಿಪಿ ಬಳಸುವವರು ಮಾಡುವುದೂ ಇದನ್ನೇ: ಕೀಲಿಯಿಂದ ಲೆಕ್ಕಹಾಕಿ ತೆಗೆದ ಒಂದು ಚಿಕ್ಕ ಗುರುತನ್ನು ಬೇರೆ ದಾರಿಯಲ್ಲಿ, ಮುಖತಃ ಅಥವಾ ಫೋನಿನಲ್ಲಿ, ತಾಳೆ ನೋಡುತ್ತಾರೆ. ಅದಕ್ಕೆ ಕೀಲಿಯ ಬೆರಳಚ್ಚು ಎಂಬ ಹೆಸರು. ‘ದೊಡ್ಡೋರು ಯಾರರ ಸಹಿ ಹಾಕಿ ಕೊಡಬೇಕು’ ಎಂದ ಇನ್ನೊಬ್ಬ. ಅದು ಪ್ರಮಾಣಪತ್ರದ ದಾರಿ. ಭಾರತದಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಪ್ರಕಾರ, ಈ ಕೀಲಿ ಇಂಥವರದು ಎಂದು ಪ್ರಮಾಣೀಕರಿಸುವ ಸಂಸ್ಥೆಗಳಿಗೆ ಪರವಾನಗಿ ಕೊಡಲು ಒಬ್ಬ ನಿಯಂತ್ರಕರಿದ್ದಾರೆ.

ಸಹಿಯ ವಿಷಯಕ್ಕೆ ಬಂದಾಗ ಕೀಲಿಯ ಹೋಲಿಕೆಯನ್ನು ಬಿಡಲೇಬೇಕು. ಅಲ್ಲಿ ಕೆಲಸ ತಿರುಗುಮುರುಗಾಗುತ್ತದೆ: ಸಹಿ ಮಾಡುವವರು ತಮ್ಮ ಪ್ರೈವೇಟ್ ಕೀ ಬಳಸುತ್ತಾರೆ, ಪರೀಕ್ಷಿಸುವವರು ಅವರ ಪಬ್ಲಿಕ್ ಕೀ ಬಳಸುತ್ತಾರೆ. ಕೀಲಿ ಹಾಕಲು ಕೀಲಿಕೈ, ತೆಗೆಯಲು ಕೀಲಿ ಎಂದು ಹೇಳಹೊರಟರೆ ಕಟ್ಟಿದ್ದೆಲ್ಲ ಕೆಡುತ್ತದೆ. ನಾನು ಮೊಹರಿನ ಹೋಲಿಕೆಗೆ ಬಂದೆ. ಮೊಹರು ಒಬ್ಬರ ಬಳಿ ಮಾತ್ರ ಇರುತ್ತದೆ. ಅದರ ಗುರುತು ಹೇಗಿರುತ್ತದೆಂದು ಎಲ್ಲರಿಗೂ ಗೊತ್ತು. ಕಾಗದದ ಮೊಹರಿಗಿಂತ ಇದು ಒಂದು ವಿಷಯದಲ್ಲಿ ಗಟ್ಟಿ: ಪತ್ರದ ಒಂದೇ ಒಂದು ಅಕ್ಷರ ಬದಲಾದರೂ ಗುರುತು ಹೊಂದುವುದಿಲ್ಲ.

ಉದಾಹರಣೆ ಮಕ್ಕಳ ಚೀಲದಲ್ಲೇ ಇತ್ತು. ವಿದ್ಯಾರ್ಥಿವೇತನಕ್ಕಾಗಿ ನಾಡಕಚೇರಿಯಿಂದ ತಂದ ಜಾತಿ ಮತ್ತು ಆದಾಯ ಪ್ರಮಾಣಪತ್ರದಲ್ಲಿ ಡಿಜಿಟಲ್ ಸಹಿ ಎಂಬ ಮಾತಿರುತ್ತದೆ. ಪೆನ್ನಿನ ಸಹಿ ಎಲ್ಲೂ ಇಲ್ಲ ಎಂದು ಮಕ್ಕಳಿಗೆ ಅನುಮಾನ. ಇಲ್ಲಿ ಶಿಕ್ಷಕರೂ ಗಮನಿಸಬೇಕಾದ ಅಂಶವಿದೆ. ಗಣಿತದ ಸಹಿ ಇರುವುದು ಕಡತದಲ್ಲಿ; ಜೆರಾಕ್ಸ್ ಪ್ರತಿಯಲ್ಲಿ ಕಾಣುವುದು ಸಹಿಯಾಗಿದೆ ಎಂಬ ಬರಹ ಮಾತ್ರ. ಆ ಬರಹವನ್ನು ಯಾರು ಬೇಕಾದರೂ ಟೈಪ್ ಮಾಡಬಹುದು. ಕಾಗದ ಕೈಯಲ್ಲಿದ್ದಾಗ ಆರ್.ಡಿ. ನಂಬರ್ ಹಾಕಿ ನಾಡಕಚೇರಿಯ ದಾಖಲೆಯೊಂದಿಗೆ ತಾಳೆ ನೋಡುವುದೇ ಸರಿಯಾದ ದಾರಿ.

ಕೀಲಿಕೈ ಯಾರ ಕೈಯಲ್ಲಿದೆ

ಅದೇ ಕಾಯ್ದೆಯ 42ನೇ ಕಲಂ, ಡಿಜಿಟಲ್ ಸಹಿ ಪಡೆದವರು ತಮ್ಮ ಪ್ರೈವೇಟ್ ಕೀ ತಮ್ಮ ಹತೋಟಿಯಲ್ಲೇ ಇರುವಂತೆ, ಬೇರೆಯವರಿಗೆ ತಿಳಿಯದಂತೆ ಎಚ್ಚರ ವಹಿಸಬೇಕು ಎನ್ನುತ್ತದೆ. ಇದನ್ನು ಓದಿ ಹೇಳಿ, ನಿಮ್ಮ ಇ-ಮೇಲ್‌ನ ಪಾಸ್‌ವರ್ಡ್ ಯಾರಿಗೆ ಗೊತ್ತು ಎಂದು ಕೇಳಿದೆ. ಪಾಸ್‌ವರ್ಡೂ ಪ್ರೈವೇಟ್ ಕೀಯೂ ಒಂದೇ ಅಲ್ಲ, ಅದನ್ನು ಮೊದಲೇ ಸ್ಪಷ್ಟಪಡಿಸಿದ್ದೆ. ಇ-ಮೇಲ್ ವಿಳಾಸವಿರುವ ಮಕ್ಕಳಲ್ಲಿ ಹಲವರಿಗೆ ಅದು ಅರ್ಜಿ ತುಂಬುವ ಅಂಗಡಿಯಲ್ಲಿ ಹುಟ್ಟಿದ್ದು. ಪಾಸ್‌ವರ್ಡ್ ಅಂಗಡಿಯ ನೋಟ್‌ಬುಕ್ಕಿನಲ್ಲಿದೆ. ಓಟಿಪಿ ಬರುವ ಫೋನ್ ಅಪ್ಪನದು, ಅದು ಮೆಕ್ಕೆಜೋಳದ ಹೊಲದಲ್ಲಿದೆ. “ನನ್ನ ಮೇಲ್ ಐಡಿ ಏನಂತ ಅಂಗಡಿ ಅಣ್ಣಗ ಕೇಳಬೇಕ್ರಿ ಮೇಡಂ” ಎಂದಳು ಒಬ್ಬಳು, ಯಾವ ಬೇಸರವೂ ಇಲ್ಲದೆ.

ಅಂಗಡಿಯವರನ್ನು ದೂರುವುದು ಸುಲಭ, ನ್ಯಾಯವಲ್ಲ. ಮರೆತ ಪಾಸ್‌ವರ್ಡಿನಿಂದಾಗಿ ಕೊನೆಯ ದಿನ ಅರ್ಜಿ ಕೆಟ್ಟು ಅಳುತ್ತ ನಿಲ್ಲುವವರನ್ನು ಕಂಡೇ ಅವರು ಬರೆದಿಟ್ಟುಕೊಳ್ಳುತ್ತಾರೆ. ಆದರೂ ವಿದ್ಯಾರ್ಥಿವೇತನ, ಪಿಯು ಪ್ರವೇಶ, ಮುಂದೆ ನೌಕರಿಯ ಕರೆ ಎಲ್ಲವೂ ಬರುವ ಪೆಟ್ಟಿಗೆಯ ಕೀಲಿಕೈ ಇನ್ನೊಬ್ಬರ ನೋಟ್‌ಬುಕ್ಕಿನಲ್ಲಿದ್ದರೆ, ಎಂಥ ಗೂಢಲಿಪಿಯೂ ಆ ಮಗುವನ್ನು ಕಾಯುವುದಿಲ್ಲ. ಪಾಠ ಮುಗಿದ ಮೇಲೆ ತರಗತಿ ಶಿಕ್ಷಕರೊಂದಿಗೆ ಮಾತಾಡಿ, ಪಾಸ್‌ವರ್ಡ್ ಬದಲಿಸುವುದು ಮತ್ತು ಮನೆಯಲ್ಲಿ ಸುರಕ್ಷಿತವಾಗಿ ಬರೆದಿಡುವುದು ಎರಡನ್ನೂ ಕಲಿಸಲು ಬೇರೆ ಒಂದು ಅವಧಿ ಕೇಳಿಕೊಂಡೆ. ಕಾಗದದಲ್ಲಿ ಬರೆಯಲೇಬಾರದು ಎಂಬ ನಗರದ ಬುದ್ಧಿಮಾತು ಇಲ್ಲಿ ಹೊಂದುವುದಿಲ್ಲ. ಅಂಗಡಿಯ ನೋಟ್‌ಬುಕ್ಕಿಗಿಂತ ಮನೆಯ ಟ್ರಂಕು ಮೇಲು.

ಮೌಲ್ಯಮಾಪನದಲ್ಲಿ ಕಂಡದ್ದು

ಕೊನೆಗೆ ಕೊಟ್ಟ ಪ್ರಶ್ನೆ: ಸುಧಾ ಗೀತಾಳಿಗೆ ಗುಟ್ಟಿನ ಪತ್ರ ಕಳಿಸಬೇಕು, ಯಾರ ಯಾವ ಕೀ ಬಳಸಬೇಕು? ‘ಕೀಲಿ, ಕೀಲಿಕೈ’ ಎಂಬ ಪದಗಳಲ್ಲಿ ಕೇಳಿದಾಗ ಬಹುಪಾಲು ಮಕ್ಕಳು ‘ಗೀತಾಳ ಕೀಲಿ’ ಎಂದು ಸರಿಯಾಗಿ ಬರೆದರು. ಅದೇ ಪ್ರಶ್ನೆಯನ್ನು ಪಬ್ಲಿಕ್ ಕೀ, ಪ್ರೈವೇಟ್ ಕೀ ಎಂದು ಕೇಳಿದಾಗ ಕೆಲವರು ‘ಸುಧಾಳ ಪ್ರೈವೇಟ್ ಕೀ’ ಎಂದರು. ಗುಟ್ಟಿನ ಪತ್ರ, ಆದ್ದರಿಂದ ಗುಟ್ಟಿನ ಕೀ ಎಂಬುದು ಅವರ ತರ್ಕ. ಪಾರಿಭಾಷಿಕ ಪದ ಮುಂದೆ ಬೇಕೇ ಬೇಕು, ಆದರೆ ಅದು ಊರಿನ ಪದದ ಹಿಂದೆ ಬರಲಿ.

ಪ್ರಯೋಗಾಲಯ ಇರುವ ಶಾಲೆಗಳಲ್ಲಿ ಥಂಡರ್‌ಬರ್ಡ್ ತಂತ್ರಾಂಶ ಬಳಸಬಹುದು. 2020ರಿಂದ ಅದರಲ್ಲೇ ಓಪನ್‌ಪಿಜಿಪಿ ಸೇರಿದೆ. ಎರಡು ಕಂಪ್ಯೂಟರುಗಳಲ್ಲಿ ಒಂದೊಂದು ಕೀ ಜೋಡಿ ಮಾಡಿಸಿ, ಪಬ್ಲಿಕ್ ಕೀಗಳನ್ನು ವಿನಿಮಯ ಮಾಡಿಸಿ, ಬೆರಳಚ್ಚನ್ನು ಒಬ್ಬರಿಗೊಬ್ಬರು ಓದಿ ಹೇಳಿಸಿದ ಮೇಲೆ ಪತ್ರ ಕಳಿಸಲಿ. ಎರಡು ಎಚ್ಚರಿಕೆಗಳಿವೆ. ಪತ್ರದ ಮೈ ಮುಚ್ಚಿದರೂ ಯಾರಿಂದ ಯಾರಿಗೆ, ಯಾವಾಗ ಎಂಬುದು ತೆರೆದೇ ಇರುತ್ತದೆ, ಎಷ್ಟೋ ಸಲ ವಿಷಯದ ಸಾಲೂ ಹಾಗೆಯೇ ಹೋಗುತ್ತದೆ. ಪ್ರೈವೇಟ್ ಕೀ ಕಳೆದರೆ ಹಳೆಯ ಪತ್ರಗಳನ್ನು ತೆರೆದುಕೊಡಲು ಯಾವ ಕಚೇರಿಯೂ ಇಲ್ಲ, ಆದ್ದರಿಂದ ಅದರ ಒಂದು ಪ್ರತಿಯನ್ನು ಬೇರೆ ಕಡೆ ಜೋಪಾನ ಮಾಡಿಸಬೇಕು.

ಮನೆಗೆಲಸಕ್ಕೆ ಕೊಟ್ಟ ಪದ 27, 16, 14. ಕೀಲಿ (3, 33), ಕೀಲಿಕೈ 7. ಮೂರಕ್ಷರದ ಈ ಪದ ಪಾಠ ಶುರುವಾಗುವ ಮುಂಚೆ ಪ್ರತಿ ಶಿಕ್ಷಕರೂ ಮಕ್ಕಳಿಂದ ಕೇಳಿಕೊಳ್ಳುವಂಥದ್ದು. ಬಿಡಿಸಲು 27ರ ಬದಲು −6 ತೆಗೆದುಕೊಂಡರೆ ಲೆಕ್ಕ ಬೇಗ ಮುಗಿಯುತ್ತದೆ.